ಓದುಗರ ಪ್ರಶ್ನೆ, ನಮ್ಮ ಉತ್ತರ: 2147483647ರ ಗಣಿತ

ಪ್ರಶ್ನೆ: 2147483647 ಅವಿಭಾಜ್ಯ ಸಂಖ್ಯೆಯಂತೆ. ಕ್ಯಾಲ್ಕುಲೇಟರ್ ಇಟ್ಟುಕೊಂಡು ನಾವೇ ಖಚಿತಪಡಿಸಿಕೊಳ್ಳಬಹುದೇ?

ಉತ್ತರ: ಖಂಡಿತ. 1772ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು ಕೈಲೆಕ್ಕದಲ್ಲೇ ಸಾಧಿಸಿ ತೋರಿಸಿದ. ಇದರ ವರ್ಗಮೂಲ 46341ಕ್ಕೆ ತುಸು ಕಡಿಮೆ. ಹಾಗಾಗಿ 46340ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅಂಥವು ಸುಮಾರು 4,800. ಅಷ್ಟನ್ನೂ ನೋಡಬೇಕಿಲ್ಲ ಎಂಬುದೇ ಈ ಸಂಖ್ಯೆಯ ಸೊಗಸು.

ಇದು 2ರ 31ನೇ ಘಾತದಲ್ಲಿ 1 ಕಳೆದ ಸಂಖ್ಯೆ. q ಎಂಬ ಅವಿಭಾಜ್ಯ ಇದನ್ನು ಭಾಗಿಸುವುದಾದರೆ, 2ರ 31ನೇ ಘಾತವನ್ನು qಯಿಂದ ಭಾಗಿಸಿದಾಗ ಶೇಷ 1. ಫರ್ಮಾ ಪ್ರಮೇಯದಂತೆ 2ರ (q−1)ನೇ ಘಾತಕ್ಕೂ ಶೇಷ 1. 31 ಅವಿಭಾಜ್ಯವಾದ್ದರಿಂದ q−1 ಅನ್ನು 31 ಭಾಗಿಸಲೇಬೇಕು. q ಬೆಸವಾದ್ದರಿಂದ 62 ಕೂಡ. ಇನ್ನೊಂದು ಜರಡಿಯೂ ಇದೆ: 2ರ 32ನೇ ಘಾತ ಒಂದು ಪೂರ್ಣವರ್ಗ, ಅದರ ಶೇಷ 2. ಹೀಗಾದರೆ qಯನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಎರಡು ಷರತ್ತುಗಳನ್ನೂ ಒಟ್ಟಿಗೆ ನೋಡಿದರೆ q ಎಂಬುದು 248k+1 ಅಥವಾ 248k+63 ರೂಪದ್ದು ಮಾತ್ರ (k ಒಂದು ಪೂರ್ಣಾಂಕ).

ಉಳಿಯುವುದು 370ರ ಆಸುಪಾಸು. ಅವುಗಳಲ್ಲೂ ಬಹುಪಾಲು ತಾವೇ ಒಡೆಯುತ್ತವೆ: 63, 249, 311, 497, 559, 745, 807, 993, 1055, 1241, 1303. ಈ ಹನ್ನೊಂದರಲ್ಲಿ ಅವಿಭಾಜ್ಯ 311 ಮತ್ತು 1303 ಮಾತ್ರ. 311 × 6905092 = 2147483612, ಶೇಷ 35; ಮುಂದಿನದಕ್ಕೆ ಹೋಗಿ. ಎಂಟು ಅಂಕಿಯ ಕ್ಯಾಲ್ಕುಲೇಟರ್‌ಗೆ ಈ ಸಂಖ್ಯೆ ಹಿಡಿಸದು, ಕನಿಷ್ಠ ಹತ್ತು ಅಂಕಿಯದು ಬೇಕು. ದಶಮಾಂಶ ಭಾಗ ನೋಡಿ ತೀರ್ಮಾನಿಸಬೇಡಿ, ಗುಣಿಸಿ ಕಳೆದು ನೋಡಿ.

ಪ್ರಶ್ನೆ: 2ರ ಘಾತದಲ್ಲಿ 1 ಕಳೆದ ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಸುವ ಲೂಕಾ–ಲೆಹ್ಮರ್ ಪರೀಕ್ಷೆಗೆ ಪ್ರೋಗ್ರಾಂ ಬರೆದೆ. ಘಾತಾಂಕ 7, 13ಕ್ಕೆ ಸರಿಯಾದ ಉತ್ತರ ಬರುತ್ತದೆ; 17, 31ಕ್ಕೆ ‘ಅವಿಭಾಜ್ಯವಲ್ಲ’ ಎನ್ನುತ್ತದೆ. ಏನು ತಪ್ಪಾಗಿದೆ?

ಉತ್ತರ: ನಿಮ್ಮ ವಿಧಾನ ಸರಿಯಿದೆ, 32 ಬಿಟ್ ಜಾಗ ಸಾಲುತ್ತಿಲ್ಲ. 4ರಿಂದ ಹೊರಟು, ಪ್ರತಿ ಸಲ ವರ್ಗ ಮಾಡಿ 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳುತ್ತೀರಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿ 0 ಬಂದರೆ ಅವಿಭಾಜ್ಯ. 7ಕ್ಕೆ (ಅಂದರೆ 127ಕ್ಕೆ): 4, 14, 67, 42, 111, 0. ಆದರೆ 32 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕದ ಮಿತಿ ಇದೇ 2147483647. ಮೇಲೆ ಕಂಡ 46340 ದಾಟಿದ ಯಾವ ಸಂಖ್ಯೆಯ ವರ್ಗವೂ ಅಲ್ಲಿ ಹಿಡಿಸದೆ ಕೆಡುತ್ತದೆ. 64 ಬಿಟ್ ಪೂರ್ಣಾಂಕ ಬಳಸಿ. ದಶಮಾಂಶ ಮಾದರಿಯ ಚರ (float, double) ಬೇಡ, 16 ಅಂಕಿಯ ಸುತ್ತಮುತ್ತ ಅದು ಕೊನೆಯ ಅಂಕಿಗಳನ್ನು ಕಳೆದುಕೊಳ್ಳುತ್ತದೆ.

ತಿದ್ದಿದ ಮೇಲೆ 31ಕ್ಕೆ ಪ್ರತಿ ಹಂತವನ್ನೂ ಮುದ್ರಿಸಿ ನೋಡಿ. 4, 14, 194, 37634, 1416317954 ಇವು ಹಳೆಯ ಪ್ರೋಗ್ರಾಂನಲ್ಲೂ ಸರಿಯೇ ಇರುತ್ತವೆ. ಅದರ ಮುಂದಿನದು 669670838 ಆಗಿರಬೇಕು.