ಜಪಾನಿನ ರಾಜಕುಮಾರರು ನಿಜವಾಗಿ ಯುದ್ಧಕ್ಕೆ ಹೋಗುತ್ತಿದ್ದರಾ, ಇಲ್ಲ ಹೆಸರಿಗೆ ಮಾತ್ರ ಜನರಲ್‌ಗಳಾ?

ಎರಡು ಥರದವರೂ ಇದ್ದರು. 1873ರಲ್ಲಿ ಮೇಜಿ ಚಕ್ರವರ್ತಿ ರಾಜಮನೆತನದ ಗಂಡುಮಕ್ಕಳು ಸೈನ್ಯ ಸೇರಬೇಕು ಅಂತ ಅಪ್ಪಣೆ ಮಾಡಿದ ಮೇಲೆ, ಇಷ್ಟ ಇರಲಿ ಬಿಡಲಿ, ಸಮವಸ್ತ್ರ ಹಾಕಲೇಬೇಕಾಯಿತು. ಕೆಲವರಿಗೆ ಪದವಿ ಸುಮ್ನೆ ಬಂತು. ಇನ್ನು ಕೆಲವರು ಯುದ್ಧಕ್ಕೆ ಹೋದ ಕಡೆಯೇ ಜೀವ ಬಿಟ್ಟರು. ನಿಮ್ಮ ಪ್ರಶ್ನೆ ಓದಿದ ತಕ್ಷಣ ನನಗೆ ನೆನಪಾದವರು ಕಿತಾಶಿರಕಾವಾ ಯೋಶಿಹಿಸಾ. ಅವರ ಕಥೆಯನ್ನೇ ಹೇಳುತ್ತೇನೆ.

ಕೆಲಸದ ಮೇಲೆ ಟೋಕಿಯೊದಲ್ಲಿದ್ದಾಗ ಒಂದು ಭಾನುವಾರ ಮಿನಾಮಿ-ಸೆಂಜು ಕಡೆ ಸುತ್ತಾಡಲು ಹೋಗಿದ್ದೆ. ಅಲ್ಲಿ ಎಂತ್ಸೂಜಿ ಅಂತ ಒಂದು ಬೌದ್ಧ ದೇವಸ್ಥಾನ ಇದೆ. ಅದರ ಅಂಗಳದಲ್ಲಿ ಕಪ್ಪು ಮರದ ಹಳೇ ಹೆಬ್ಬಾಗಿಲು. ಮರದ ತುಂಬ ತೂತು. ಗೆದ್ದಲು ತಿಂದಿರಬೇಕು ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಎಲ್ಲವೂ ಗುಂಡಿನ ತೂತುಗಳು. ಒಂದೊಂದರಲ್ಲೂ ಬೆರಳು ತೂರಿಸಬಹುದು. ಕೆಲವು ಕಡೆ ಗುಂಡು ಮರವನ್ನು ದಾಟಿಕೊಂಡೇ ಹೋಗಿದೆ. ಈ ಬಾಗಿಲು ಮೊದಲು ಇದ್ದದ್ದು ಉಯೆನೊದ ಕಾನೇಜಿ ಮಠದಲ್ಲಿ. 1868ರಲ್ಲಿ ಆ ಮಠದ ಪೀಠದಲ್ಲಿ ಕೂತಿದ್ದವರು ಈ ಯೋಶಿಹಿಸಾ. ಆಗ ಅವರಿಗೆ ಇನ್ನೂ 21 ವರ್ಷ.

ಅವರು ಹುಟ್ಟಿದ್ದು 1847ರಲ್ಲಿ, ಕ್ಯೋಟೊದ ಫುಶಿಮಿ ಮನೆತನದಲ್ಲಿ, ಒಂಬತ್ತನೇ ಮಗನಾಗಿ. ಅಷ್ಟು ಗಂಡುಮಕ್ಕಳಿರುವ ರಾಜಮನೆಯಲ್ಲಿ ಹುಡುಗರನ್ನು ಮಠಕ್ಕೆ ಕೊಡುವುದು ಆಗಿನ ರೂಢಿ. ಹನ್ನೊಂದನೇ ವಯಸ್ಸಿಗೆ ಸನ್ಯಾಸ ಕೊಟ್ಟರು. ಇಪ್ಪತ್ತಕ್ಕೆ ಕಾನೇಜಿಯ ಮಠಾಧಿಪತಿ ಮಾಡಿದರು. ಅದು ಅಂಥಿಂಥ ಮಠ ಅಲ್ಲ. ಚಕ್ರವರ್ತಿಯ ಹೆಸರಲ್ಲಿ ದೇಶ ಆಳುತ್ತಿದ್ದ ಸೇನಾಧಿಪತಿಗಳು, ಅಂದರೆ ತೊಕುಗಾವಾ ಶೋಗುನರ ಮನೆತನದ ಮಠ, ಆರು ಶೋಗುನರ ಸಮಾಧಿ ಅಲ್ಲಿದೆ. ಹುಡುಗ ರಾಜನ ಕಡೆಯವನು, ಪೀಠ ಶೋಗುನನ ಕಡೆಯದು. ಎರಡೂ ಕಡೆಯವರು ಹೊಡೆದಾಡಿಕೊಂಡಾಗ ಈ ಹುಡುಗ ಎಲ್ಲಿ ಹೋಗಬೇಕು ಹೇಳಿ?

ಅದೇ ಆಯಿತು. 1868ರಲ್ಲಿ ಕೊನೆಯ ಶೋಗುನ ಯೋಶಿನೊಬು ಅಧಿಕಾರ ಕಳೆದುಕೊಂಡು, ತಪ್ಪೊಪ್ಪಿಕೊಂಡವರ ಹಾಗೆ ಕಾನೇಜಿಯಲ್ಲೇ ಬಂದು ಕೂತರು. ಯೋಶಿನೊಬು ಪರವಾಗಿ ಕ್ಷಮೆ ಕೇಳಲು ಯೋಶಿಹಿಸಾ ಚಕ್ರವರ್ತಿಯ ಸೈನ್ಯವನ್ನು ಹುಡುಕಿಕೊಂಡು ಸುನ್ಪು ಊರಿನವರೆಗೂ ಹೋದರು. ಆ ಸೈನ್ಯದ ಮುಖ್ಯಸ್ಥರೂ ರಾಜಮನೆತನದವರೇ, ಅರಿಸುಗಾವಾ ತರುಹಿತೊ. ಮಾತು ನಡೆಯಲಿಲ್ಲ. ಮುಂದೆ ಶೋಗುನ ಊರು ಬಿಟ್ಟರೂ ಅವರ ನಿಷ್ಠಾವಂತ ಸಮುರಾಯಿಗಳು ಬಿಡಲಿಲ್ಲ. ಶೋಗಿತಾಯಿ ಅಂತ ದಂಡು ಕಟ್ಟಿಕೊಂಡು ಮಠದ ಸುತ್ತ ಬೀಡುಬಿಟ್ಟರು. ಜುಲೈ 4ರಂದು, ಮಳೆಯಲ್ಲಿ, ಎದುರಾಳಿಗಳು ಶಿನೊಬಜು ಕೆರೆಯ ಆಚೆಯಿಂದ ಆರ್ಮ್‌ಸ್ಟ್ರಾಂಗ್ ಫಿರಂಗಿ ಹಾರಿಸಿದರು. ಒಂದೇ ದಿನಕ್ಕೆ ಎಲ್ಲ ಮುಗಿಯಿತು. ಮಠ ಸುಟ್ಟುಹೋಯಿತು. ಸತ್ತ ಸಮುರಾಯಿಗಳ ಹೆಣ ಮುಟ್ಟಲು ಜನ ಹೆದರುತ್ತಿದ್ದ ಹೊತ್ತಿನಲ್ಲಿ ಎಂತ್ಸೂಜಿಯ ಸನ್ಯಾಸಿಯೊಬ್ಬರು 266 ಜನರಿಗೆ ಸಂಸ್ಕಾರ ಮಾಡಿಸಿದರು. ಆ ಬಾಗಿಲು ಮುಂದೆ ಅಲ್ಲಿಗೆ ಬಂದದ್ದು ಈ ಋಣದಿಂದ.

ಯೋಶಿಹಿಸಾ ತಪ್ಪಿಸಿಕೊಂಡು ಹಡಗು ಹತ್ತಿ ಉತ್ತರಕ್ಕೆ ಹೋದರು. ಅಲ್ಲಿ ಸೆಂದಾಯಿ, ಯೊನೆಜಾವಾ ಮುಂತಾದ ಸಂಸ್ಥಾನಗಳು ಒಂದು ಒಕ್ಕೂಟ ಮಾಡಿಕೊಂಡಿದ್ದವು. ಅದಕ್ಕೆ ಇವರನ್ನೇ ಮುಖ್ಯಸ್ಥರನ್ನಾಗಿ ಕೂರಿಸಿದರು. ಚಕ್ರವರ್ತಿ ಅಂತಲೇ ಸಾರಿದ್ದರಾ ಅನ್ನುವ ಬಗ್ಗೆ ಇತಿಹಾಸಕಾರರ ವಾದ ಇನ್ನೂ ಮುಗಿದಿಲ್ಲ. ದತ್ತು ಸಂಬಂಧದಲ್ಲಿ ಇವರು ಮೇಜಿ ಚಕ್ರವರ್ತಿಗೆ ಚಿಕ್ಕಪ್ಪ ಆಗಬೇಕು. ಅದಕ್ಕಿಂತ ಸಂಕಟದ ಸಂಗತಿ, ಉತ್ತರದ ಐಜು ಸಂಸ್ಥಾನದ ಮೇಲೆ ದಂಡೆತ್ತಿ ಬಂದ ಚಕ್ರವರ್ತಿ ಸೈನ್ಯದ ನಾಯಕರಲ್ಲಿ ಒಬ್ಬರು ಇವರ ಸ್ವಂತ ಅಣ್ಣ. ಮುಂದೆ ಕೊಮಾತ್ಸು ಅಕಿಹಿತೊ ಅಂತ ಹೆಸರಾದವರು. ಅವರೂ ಆಗಷ್ಟೇ ಸನ್ಯಾಸ ಬಿಟ್ಟು ಕತ್ತಿ ಹಿಡಿದಿದ್ದರು. ಒಂದೇ ಮನೆಯ ಇಬ್ಬರು ಮಠದ ಹುಡುಗರು ಎದುರುಬದುರು ನಿಂತ ಹಾಗಾಯಿತು.

ಉತ್ತರದವರು ಸೋತರು. ಯೋಶಿಹಿಸಾ ಅವರನ್ನು ಕ್ಯೋಟೊಗೆ ಕರೆತಂದು ಮನೆಯಲ್ಲೇ ಬಂಧನದಲ್ಲಿಟ್ಟರು. ಆಮೇಲೆ ಕ್ಷಮೆ ಸಿಕ್ಕಿತು. 1870ರ ಕೊನೆಗೆ ಸೈನ್ಯವಿದ್ಯೆ ಕಲಿಯಲು ಜರ್ಮನಿಗೆ ಕಳಿಸಿದರು. ಅಲ್ಲಿದ್ದಾಗಲೇ, ತೀರಿಕೊಂಡ ತಮ್ಮನ ಕಿತಾಶಿರಕಾವಾ ಮನೆತನ ಇವರ ಪಾಲಿಗೆ ಬಂತು.

ಇವರ ಬದುಕಿನಲ್ಲಿ ನನಗೆ ಜಾಸ್ತಿ ನೋವಾಗುವುದು ಈ ಜರ್ಮನಿಯ ವರ್ಷಗಳ ಬಗ್ಗೆ. ಸನ್ಯಾಸವನ್ನು ಅವರು ಕೇಳಿರಲಿಲ್ಲ. ಪೀಠ ಕೇಳಿರಲಿಲ್ಲ. ಬಂಡಾಯದ ನಾಯಕತ್ವವೂ ತಾನಾಗಿ ತಲೆಗೆ ಬಂದು ಬಿದ್ದದ್ದು. ಬರ್ಲಿನ್‌ನಲ್ಲಿ ಮೊದಲ ಸಲ ತಾವೇ ಒಂದು ಆಯ್ಕೆ ಮಾಡಿಕೊಂಡರು. ಬೆರ್ಟಾ ಎಂಬ ಕುಲೀನ ಮನೆತನದ ವಿಧವೆಯನ್ನು ಮೆಚ್ಚಿ, 1876ರಲ್ಲಿ ಮದುವೆ ಗೊತ್ತುಮಾಡಿಕೊಂಡರು. ಟೋಕಿಯೊ ಸರ್ಕಾರ ಒಪ್ಪಲಿಲ್ಲ. ವಾಪಸ್ ಬರಲು ಹುಕುಂ ಬಂತು. 1877ರಲ್ಲಿ ಒಬ್ಬರೇ ಊರಿಗೆ ಬಂದರು.

ಆಮೇಲೆ ಸೈನ್ಯದಲ್ಲಿ ಮೇಲೇರಿ ಲೆಫ್ಟಿನೆಂಟ್ ಜನರಲ್ ಆದರು. 1895ರಲ್ಲಿ ಚೀನಾ ಸೋತು ತೈವಾನನ್ನು ಬಿಟ್ಟುಕೊಟ್ಟಾಗ, ಅದನ್ನು ವಶಪಡಿಸಿಕೊಳ್ಳಲು ಹೋದದ್ದು ಇವರ ಇಂಪೀರಿಯಲ್ ಗಾರ್ಡ್ ಡಿವಿಷನ್. ಮೇ 29ಕ್ಕೆ ದ್ವೀಪದ ಈಶಾನ್ಯ ತೀರದಲ್ಲಿ ಇಳಿದರು. ಕೈ ಬದಲಾಗುವ ಬಗ್ಗೆ ತೈವಾನಿನ ಜನರನ್ನು ಯಾರೂ ಕೇಳಿರಲಿಲ್ಲ. ಅವರು ತಮ್ಮದೇ ಗಣರಾಜ್ಯ ಸಾರಿ, ಹಳ್ಳಿ ಹಳ್ಳಿಯಲ್ಲಿ ತಿರುಗಿಬಿದ್ದರು. ಸಾವಿರಾರು ಜನ ಸತ್ತರು. ಯೋಶಿಹಿಸಾ ಬಗ್ಗೆ ನನಗೆ ಎಷ್ಟೇ ಮರುಕ ಇದ್ದರೂ, ಆ ಹಳ್ಳಿಗಳನ್ನು ತುಳಿದ ಸೈನ್ಯದ ಮುಂದೆ ಇದ್ದವರು ಅವರೇ ಅನ್ನುವುದನ್ನು ಮುಚ್ಚಿಟ್ಟು ಈ ಕಥೆ ಹೇಳಲು ನನ್ನಿಂದಾಗದು.

ಜಪಾನೀಯರನ್ನು ಗುಂಡಿಗಿಂತ ಕಾಯಿಲೆ ಕೊಂದಿತು. ಆಗಿನ ಲೆಕ್ಕದ ಪ್ರಕಾರ ಕಾಳಗದಲ್ಲಿ ಸತ್ತವರು 164, ಕಾಯಿಲೆಯಿಂದ ಸತ್ತವರು 4,642. ಯೋಶಿಹಿಸಾ ಅವರಿಗೂ ಮಲೇರಿಯಾ ಹಿಡಿಯಿತು. ಅಕ್ಟೋಬರ್ 28ರಂದು ತೈನಾನ್‌ನಲ್ಲಿ ತೀರಿಕೊಂಡರು. 48 ವರ್ಷ. ಸುದ್ದಿಯನ್ನು ಕೆಲವು ದಿನ ಗುಟ್ಟಾಗಿಟ್ಟು, ರೋಗಿ ಅನ್ನುವ ಹಾಗೆ ದೇಹವನ್ನು ಜಪಾನಿಗೆ ಸಾಗಿಸಿದರು. ಗುಟ್ಟು ಮಾಡಿದರೆ ಗುಸುಗುಸು ಹುಟ್ಟದೇ ಇರುತ್ತದಾ? ಅವರನ್ನು ಕೊಂದದ್ದು ನಮ್ಮೂರಿನವರೇ ಅಂತ ತೈವಾನಿನಲ್ಲಿ ಬೇರೆ ಬೇರೆ ಊರಿನವರು ಹೇಳಿಕೊಂಡು ಬಂದಿದ್ದಾರೆ.

ಸತ್ತ ಮೇಲೆ ಅವರನ್ನು ದೇವರು ಮಾಡಿದರು. 1901ರಲ್ಲಿ ತೈಪೆಯ ಗುಡ್ಡದ ಮೇಲೆ ತೈವಾನ್ ಶಿಂಟೋ ದೇಗುಲ ಎದ್ದಿತು. ಈಗ ಅಲ್ಲಿರುವುದು ಗ್ರ್ಯಾಂಡ್ ಹೋಟೆಲ್. ಮಗ ನರುಹಿಸಾ 1923ರಲ್ಲಿ ಫ್ರಾನ್ಸ್‌ನಲ್ಲಿ ಕಾರು ಅಪಘಾತದಲ್ಲಿ ಹೋದರು. ಮೊಮ್ಮಗ ನಗಹಿಸಾ, ಅವರೂ ಸೈನ್ಯಾಧಿಕಾರಿ, 1940ರಲ್ಲಿ ಒಳ ಮಂಗೋಲಿಯಾ ಕಡೆ ವಿಮಾನ ಅವಘಡದಲ್ಲಿ ಹೋದರು. ಮೂರು ತಲೆಮಾರು, ಮೂವರ ಸಾವೂ ತಾಯ್ನಾಡಿನ ಹೊರಗೆ.

ಟೋಕಿಯೊಗೆ ಹೋದರೆ ಕಿತಾನೊಮಾರು ಪಾರ್ಕಿನಲ್ಲಿ, ಹಳೇ ಗಾರ್ಡ್ ಡಿವಿಷನ್ನಿನ ಕೆಂಪು ಇಟ್ಟಿಗೆ ಕಟ್ಟಡದ ಹತ್ತಿರ, ಕುದುರೆ ಮೇಲೆ ಕೂತ ಯೋಶಿಹಿಸಾ ಅವರ ಕಂಚಿನ ಪ್ರತಿಮೆ ಸಿಗುತ್ತದೆ. ಆಮೇಲೆ ಉಯೆನೊ ಪಾರ್ಕಿಗೂ ಹೋಗಿ. ಆ ಪಾರ್ಕ್ ಇರುವುದು ಸುಟ್ಟುಹೋದ ಕಾನೇಜಿ ಮಠದ ಜಾಗದಲ್ಲೇ. ಮೃಗಾಲಯದ ಕಡೆ ನಡೆದರೆ ಅಲ್ಲೂ ಒಬ್ಬರು ಕುದುರೆ ಮೇಲೆ ಕೂತಿದ್ದಾರೆ. ಅವರು ಅಣ್ಣ, ಕೊಮಾತ್ಸು ಅಕಿಹಿತೊ.