ಲೋಟವೂ ಸ್ಟೀಲು, ಲಕ್ಷದ ವಾಚೂ ಸ್ಟೀಲು

ಕಳೆದ ಸಂಚಿಕೆಯಲ್ಲಿ ವಾಚಿನ ಬಗ್ಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿದ್ದೇ ತಡ, ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದೇ ವಿಷಯ. ಅದರಲ್ಲೂ ಸ್ಟೀಲಿನದ್ದೇ ಗಲಾಟೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ದುಬೈನಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಊರಿಗೆ ಬಂದಾಗ ಒಂದು ಸ್ವಿಸ್ ವಾಚ್ ಕಟ್ಟಿಕೊಂಡು ಬಂದ. ಒಂಬತ್ತು ಲಕ್ಷ ಅಂತೆ! ಚಿನ್ನ ಇಲ್ಲ, ವಜ್ರ ಇಲ್ಲ, ಬರೀ ಸ್ಟೀಲು. ನಮ್ಮಮ್ಮ ಕೈಯಲ್ಲಿ ಹಿಡಿದು ನೋಡಿ "ಇದನ್ನ ಕರಗಿಸಿದ್ರೆ ಒಂದು ಲೋಟನೂ ಆಗಲ್ಲ" ಅಂದರು. ಅಮ್ಮನ ಮಾತು ಸರಿನಾ? – ಓದುಗರು, ಹುಬ್ಬಳ್ಳಿ

ಲೋಹದ ಲೆಕ್ಕದಲ್ಲಿ ಅಮ್ಮನ ಮಾತು ಹೆಚ್ಚುಕಮ್ಮಿ ಸರಿ. ಲೋಟ ಒಂದು ಆಗಬಹುದೇನೋ, ಅಷ್ಟೇ. ಚೈನು ಸೇರಿ ಇಡೀ ವಾಚಿನಲ್ಲಿರುವ ಸ್ಟೀಲಿನ ಬೆಲೆ ಕೆಲವು ನೂರು ರೂಪಾಯಿ ಕೂಡ ದಾಟುವುದಿಲ್ಲ.

ಆದರೆ ಎರಡೂ ಒಂದೇ ಸ್ಟೀಲ್ ಅಲ್ಲ. ಒಳ್ಳೆಯ ಅಡುಗೆ ಪಾತ್ರೆ ಸಾಮಾನ್ಯವಾಗಿ 304 ಅನ್ನುವ ದರ್ಜೆಯದು. ಅದರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್. ಪಾತ್ರೆಯ ತಳದಲ್ಲಿ 18/8 ಅಂತ ಅಚ್ಚು ಹಾಕಿರುತ್ತಾರಲ್ಲ, ಅದೇ ಇದು. ವಾಚಿಗೆ ಹೆಚ್ಚಾಗಿ ಬಳಸುವುದು 316ಎಲ್. ಅದಕ್ಕೆ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಅನ್ನುವ ಲೋಹ ಸೇರಿಸಿರುತ್ತಾರೆ, ಅದು ಉಪ್ಪಿನ ಕಾಟವನ್ನು ತಡೆಯುತ್ತದೆ. ಬೆವರು ಅಂದರೆ ಉಪ್ಪುನೀರು ತಾನೆ. ಕೊನೆಯ 'ಎಲ್' ಅಂದರೆ ಇಂಗಾಲ ಕಡಿಮೆ ಅಂತ.

ಹಾಗಾದರೆ ಒಂಬತ್ತು ಲಕ್ಷ ಎಲ್ಲಿಂದ ಬಂತು? ಒಳಗಿನ ಯಂತ್ರ, ಬ್ರ್ಯಾಂಡಿನ ಹೆಸರು, ಅಂಗಡಿಯ ಕಮಿಷನ್ನು ಎಲ್ಲ ಇದೆ. ಜೊತೆಗೆ ಆ ಸ್ಟೀಲಿನ ಮೇಲೆ ಮಾಡಿದ ಕೆಲಸ ಇದೆ. ನನ್ನ ಮಟ್ಟಿಗೆ ದುಡ್ಡು ಕೊಡಬೇಕಾದದ್ದು ಇದಕ್ಕೇ. 1972ರವರೆಗೆ ದುಬಾರಿ ವಾಚ್ ಅಂದರೆ ಚಿನ್ನ, ಇಲ್ಲ ಪ್ಲಾಟಿನಂ. ಸ್ಟೀಲ್ ವಾಚು ಕೆಲಸಕ್ಕೆ, ಒರಟು ಬಳಕೆಗೆ. ಆ ವರ್ಷ ಔಡೆಮಾರ್ ಪಿಗೆ ಕಂಪನಿ ರಾಯಲ್ ಓಕ್ ಅಂತ ಒಂದು ಸ್ಟೀಲ್ ವಾಚ್ ತಂದು, ಅದಕ್ಕೆ ಚಿನ್ನದ ವಾಚುಗಳನ್ನೂ ಮೀರಿಸುವ ಬೆಲೆ ಇಟ್ಟಿತು. ಜನ ನಕ್ಕರು. ವಿನ್ಯಾಸ ಜೆರಾಲ್ಡ್ ಜೆಂಟಾ ಅವರದ್ದು. ಎಂಟು ಮೂಲೆಯ ಚೌಕಟ್ಟು, ಮೇಲೆ ಎಂಟು ತಿರುಪು, ಆ ತಿರುಪುಗಳು ಮಾತ್ರ ಬಿಳಿ ಚಿನ್ನದ್ದು! ಅಂದರೆ ಸ್ಟೀಲಿಗೆ ಒಡವೆಯ ಮರ್ಯಾದೆ ಕೊಟ್ಟು, ಚಿನ್ನವನ್ನು ತಿರುಪಿನ ಕೆಲಸಕ್ಕೆ ಹಚ್ಚಿದರು. ಇದು ನನಗೆ ಇವತ್ತಿಗೂ ಖುಷಿ ಕೊಡುವ ತಮಾಷೆ. 1976ರಲ್ಲಿ ಅದೇ ಜೆಂಟಾ ವಿನ್ಯಾಸ ಮಾಡಿದ ನಾಟಿಲಸ್ ವಾಚನ್ನು ಪಟೇಕ್ ಫಿಲಿಪ್ ಕಂಪನಿ ತಂದಿತು, ಅದೂ ಸ್ಟೀಲೇ. ಅಲ್ಲಿಂದ ಶುರುವಾದದ್ದು ನಿಮ್ಮ ಚಿಕ್ಕಪ್ಪನ ಮಗನ ಕೈವರೆಗೆ ಬಂದಿದೆ.

ಅಮ್ಮನಿಗೆ ಇನ್ನೊಂದು ವಿಷಯ ಹೇಳಿ, ತಲೆ ಮೇಲೆ ಕೈ ಹೊತ್ತುಕೊಳ್ಳಲಿ. ಪಟೇಕ್ ಫಿಲಿಪ್‌ನ 1518 ಅನ್ನುವ ಹಳೆಯ ಮಾದರಿಯ ಒಂದು ಸ್ಟೀಲ್ ವಾಚು 2016ರಲ್ಲಿ ಜಿನೀವಾದ ಹರಾಜಿನಲ್ಲಿ 1.1 ಕೋಟಿ ಸ್ವಿಸ್ ಫ್ರಾಂಕಿಗೆ ಹೋಯಿತು. ಅದೇ ಮಾದರಿಯ ಚಿನ್ನದ ವಾಚುಗಳು ಸಾಮಾನ್ಯವಾಗಿ ಅದಕ್ಕಿಂತ ಅಗ್ಗ. ಯಾಕೆಂದರೆ ಸ್ಟೀಲಿನಲ್ಲಿ ಗೊತ್ತಿರುವುದು ನಾಲ್ಕೇ ನಾಲ್ಕು.

ಬೆಂಗಳೂರಿನ ಒಂದು ಶೋರೂಮಿನಲ್ಲಿ "ನಮ್ಮದು 904ಎಲ್ ಸ್ಟೀಲ್ ಸಾರ್, ಗೀರೇ ಬೀಳಲ್ಲ" ಅಂದರು. 316ಎಲ್ ಇರುವ ವಾಚು ಅದರ ಅರ್ಧ ಬೆಲೆಗೆ ಸಿಗುತ್ತಿದೆ. ಜಾಸ್ತಿ ಕೊಟ್ಟು 904ಎಲ್ ತಗೋಬೇಕಾ? – ಓದುಗರು, ಬೆಂಗಳೂರು

ಗೀರು ಬೀಳಲ್ಲ ಅನ್ನೋದು ಶುದ್ಧ ಸುಳ್ಳು. 904ಎಲ್ ಹುಟ್ಟಿದ್ದೇ ಆಮ್ಲದ ಕಾರ್ಖಾನೆಗಳಿಗೆ, ಗಂಧಕಾಮ್ಲ ಹರಿಯುವ ಪೈಪು ಟ್ಯಾಂಕುಗಳಿಗೆ. ಅದರಲ್ಲಿ ಕ್ರೋಮಿಯಂ 19ರಿಂದ 23 ಭಾಗ, ನಿಕಲ್ 23ರಿಂದ 28, ಮಾಲಿಬ್ಡಿನಂ 4ರಿಂದ 5, ಮೇಲೆ ಒಂಚೂರು ತಾಮ್ರ. ಇಷ್ಟೆಲ್ಲ ಇರುವುದರಿಂದ ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಪಾಲಿಶ್ ಚೆನ್ನಾಗಿ ಹಿಡಿಯುತ್ತದೆ. ಗಟ್ಟಿತನದಲ್ಲಿ ಮಾತ್ರ 316ಎಲ್‌ಗಿಂತ ಹೇಳಿಕೊಳ್ಳುವಷ್ಟು ಮುಂದಿಲ್ಲ. ಎರಡೂ ವಿಕರ್ಸ್ ಅನ್ನುವ ಗಟ್ಟಿತನದ ಅಳತೆಯಲ್ಲಿ 150–200ರ ಆಸುಪಾಸಿನವೇ. ನಮ್ಮ ರಸ್ತೆಯ ಧೂಳಿನಲ್ಲಿರುವ ಮರಳಿನ ಕಣ ಇದರ ಐದಾರು ಪಟ್ಟು ಗಟ್ಟಿ. ಅದು ಇಬ್ಬರನ್ನೂ ಸಮಾನವಾಗಿ ಗೀರುತ್ತದೆ, ಬೆಲೆ ನೋಡಲ್ಲ.

ಈ ಸಂಖ್ಯೆ ಇಷ್ಟು ಫೇಮಸ್ ಆಗಿದ್ದು ರೋಲೆಕ್ಸ್‌ನಿಂದ. ಅವರು 1985ರಲ್ಲಿ ಬಳಸಲು ಶುರು ಮಾಡಿದರು, ಈಗ ಆಯ್ಸ್ಟರ್‌ಸ್ಟೀಲ್ ಅಂತ ತಮ್ಮದೇ ಹೆಸರಿಟ್ಟು ಕರೆಯುತ್ತಾರೆ. ಆಮೇಲೆ ಉಳಿದವರೂ ಜಾಹೀರಾತಿನಲ್ಲಿ ಸಂಖ್ಯೆ ಹಾಕತೊಡಗಿದರು.

ನಿಜವಾಗಿ ಗೀರು ಕಡಿಮೆ ಬೀಳಬೇಕು ಅಂದರೆ ಬೇರೆ ದಾರಿ ಇವೆ. ಜರ್ಮನಿಯ ಸಿನ್ ಕಂಪನಿ ಸ್ಟೀಲಿನ ಮೇಲ್ಮೈಯನ್ನೇ ಗಟ್ಟಿ ಮಾಡಿ 1200 ವಿಕರ್ಸ್ ಆಸುಪಾಸಿಗೆ ತರುತ್ತದೆ. ಜಪಾನಿನ ಸಿಟಿಜನ್ ಕೂಡ ಅಂಥದ್ದೇ ಮಾಡುತ್ತದೆ, ಅದೂ ಕೈಗೆಟಕುವ ಬೆಲೆಯಲ್ಲಿ. ಸ್ವಿಸ್ ಕಂಪನಿ ಶೋಪಾರ್ 2019ರಲ್ಲಿ ಆಲ್ಪೈನ್ ಈಗಲ್ ವಾಚಿನ ಜೊತೆ ತನ್ನದೇ ಒಂದು ಸ್ಟೀಲ್ ತಂದಿತು, ಅದು 223 ವಿಕರ್ಸ್. ಸಾಮಾನ್ಯ ಸ್ಟೀಲಿಗಿಂತ ವಾಸಿ, ಆದರೆ ಮರಳಿನ ಮುಂದೆ ಅದೂ ಸೋಲುತ್ತದೆ.

ನನ್ನನ್ನು ಕೇಳಿದರೆ ಬರೀ 904 ಅನ್ನುವ ಸಂಖ್ಯೆಗೆ ಒಂದು ರೂಪಾಯಿನೂ ಜಾಸ್ತಿ ಕೊಡಬೇಡಿ. ಚೆನ್ನಾಗಿ ಕೆಲಸ ಮಾಡಿದ 316ಎಲ್, ಕೆಟ್ಟದಾಗಿ ಉಜ್ಜಿದ 904ಎಲ್‌ಗಿಂತ ಎಷ್ಟೋ ಮೇಲು.

"ಕೆಲಸ ಚೆನ್ನಾಗಿದೆ" ಅಂತ ಅಂಗಡಿಯಲ್ಲಿ ನಿಂತು ಗುರುತಿಸೋದು ಹೇಗೆ? ನನ್ನ ಕಣ್ಣಿಗೆ ಇಪ್ಪತ್ತು ಸಾವಿರದ್ದೂ ಐದು ಲಕ್ಷದ್ದೂ ಒಂದೇ ಥರ ಹೊಳೆಯುತ್ತವೆ. – ಓದುಗರು, ಮೈಸೂರು

ಅಂಗಡಿಯ ಬೆಳಕಿನಲ್ಲಿ ಎಲ್ಲವೂ ಹೊಳೆಯುತ್ತವೆ ಸ್ವಾಮಿ, ಆ ದೀಪ ಹಾಕಿರೋದೇ ಅದಕ್ಕೆ. ವಾಚನ್ನು ಕಿಟಕಿ ಹತ್ತಿರ ತಗೊಂಡು ಹೋಗಿ, ಹಗಲಿನ ಬೆಳಕಿನಲ್ಲಿ ನೋಡಿ. ಬೇಡ ಅಂದರೆ ಆ ಅಂಗಡಿಯೇ ಬೇಡ.

ಮೊದಲು ಅಂಚು ನೋಡಿ. ದುಬಾರಿ ವಾಚಿನ ಕೇಸಿನಲ್ಲಿ, ಅಂದರೆ ಹೊರಕವಚದಲ್ಲಿ, ಸಾಮಾನ್ಯವಾಗಿ ಎರಡು ಥರದ ಮೇಲ್ಮೈ ಇರುತ್ತದೆ. ಒಂದು ಕನ್ನಡಿ ಪಾಲಿಶ್, ಇನ್ನೊಂದು ಸಣ್ಣ ಸಣ್ಣ ಗೆರೆ ಎಳೆದ ಬ್ರಶ್ ಫಿನಿಶ್. ಇವೆರಡೂ ಸೇರುವ ಜಾಗದಲ್ಲಿ ಚೂರಿಯಲ್ಲಿ ಕೊಯ್ದಂತೆ ನೇರ ಗೆರೆ ಕಾಣಬೇಕು. ಅಗ್ಗದ ವಾಚಿನಲ್ಲಿ ಅಲ್ಲಿ ಅಂಚು ಉರುಟಾಗಿರುತ್ತದೆ, ಪಾಲಿಶ್ ಬ್ರಶ್ ಮೇಲೆ ಸ್ವಲ್ಪ ಹರಿದಿರುತ್ತದೆ. ಈ ಸ್ಟೀಲ್ ಕೊರೆಯುತ್ತ ಹೋದಂತೆ ಇನ್ನೂ ಗಟ್ಟಿಯಾಗುವ ಜಾತಿಯದು, ಹಾಗಾಗಿ ಚಿನ್ನದಷ್ಟು ಸುಲಭವಾಗಿ ಬಗ್ಗುವುದಿಲ್ಲ. ಆ ನೇರ ಗೆರೆ ಬರಬೇಕಾದರೆ ಅನುಭವ ಇರುವ ಕೈ ಬೇಕು, ಸಮಯ ಬೇಕು, ಅದಕ್ಕೇ ಅದು ದುಬಾರಿ.

ಆಮೇಲೆ ಬ್ರಶ್ ಗೆರೆಗಳು. ಎಲ್ಲ ಒಂದೇ ದಿಕ್ಕಿಗೆ, ಒಂದೇ ಆಳಕ್ಕೆ ಇರಬೇಕು, ಕೇಸಿನಲ್ಲಿ ಹೊರಟ ಗೆರೆ ಚೈನಿನಲ್ಲೂ ಅದೇ ದಿಕ್ಕಿನಲ್ಲಿ ಮುಂದುವರಿಯಬೇಕು. ರಾಯಲ್ ಓಕ್‌ನಲ್ಲಿ ಇದನ್ನು ನೋಡಬೇಕು. ಮೇಲಿಂದ ಕೆಳಗೆ ಎಲ್ಲೂ ಕಡಿಯದ ಗೆರೆ, ಪಕ್ಕದಲ್ಲಿ ಇಳಿಜಾರಾಗಿ ಕತ್ತರಿಸಿದ ಪಾಲಿಶ್ ಪಟ್ಟಿ. ಕೈ ಅಲ್ಲಾಡಿಸಿದರೆ ಆ ಪಟ್ಟಿ ಒಂದೇ ಸಲಕ್ಕೆ ಮಿಂಚಿ ಒಂದೇ ಸಲಕ್ಕೆ ಕಪ್ಪಾಗುತ್ತದೆ.

ಪಾಲಿಶ್ ಭಾಗದಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ನೇರವಾಗಿ ಕಂಡರೆ ಮೇಲ್ಮೈ ಸಪಾಟಾಗಿದೆ, ಅಲೆ ಅಲೆಯಾಗಿ ಕಂಡರೆ ಬಟ್ಟೆ ಚಕ್ರದಲ್ಲಿ ಬೇಗ ಬೇಗ ಉಜ್ಜಿ ಕಳಿಸಿದ್ದಾರೆ. ಜಪಾನಿನ ಗ್ರ್ಯಾಂಡ್ ಸೀಕೋ ಇದರಲ್ಲಿ ಎತ್ತಿದ ಕೈ. ಅವರು ಜರತ್ಸು ಅನ್ನುವ ವಿಧಾನದಲ್ಲಿ, ತಿರುಗುವ ತವರದ ತಟ್ಟೆಗೆ ಕೇಸನ್ನು ಕೈಯಲ್ಲೇ ಹಿಡಿದು ಒತ್ತಿ, ಸಪಾಟಾದ ಕನ್ನಡಿ ಮಾಡುತ್ತಾರೆ. ಬೆಲೆಗೆ ಹೋಲಿಸಿದರೆ ಎಷ್ಟೋ ಸ್ವಿಸ್ ವಾಚುಗಳು ಇದರ ಮುಂದೆ ಮಂಕು ಅಂತ ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬರಬಹುದು.

ಕೊನೆಗೆ ಚೈನು. ಇಲ್ಲೇ ಕಂಪನಿಗಳು ದುಡ್ಡು ಉಳಿಸೋದು. ಕೊಂಡಿಗಳು ಗಟ್ಟಿ ಸ್ಟೀಲಿನವೋ, ತಗಡು ಮಡಚಿದವೋ ಪಕ್ಕದಿಂದ ನೋಡಿದರೆ ತಿಳಿಯುತ್ತದೆ. ಕೈಯಲ್ಲಿ ಅಲ್ಲಾಡಿಸಿ, ಗಲಗಲ ಅಂದರೆ ತಗಡು. ಚೈನಿನ ಒಳ ಅಂಚಿನ ಮೇಲೆ ಬೆರಳು ಆಡಿಸಿ, ತರಚುವಂತಿರಬಾರದು. ಒಂದು ಮಾತು ಮಾತ್ರ ಹೇಳಬೇಕು, ಹಳೆಯ ರೋಲೆಕ್ಸ್‌ಗಳ ಚೈನಿನ ಲಾಕು ಕೂಡ ತಗಡು ಒತ್ತಿ ಮಾಡಿದ್ದೇ. ಹೊಸ ಕಾಲದ ಚೈನು ನೋಡಿದವರಿಗೆ ಅದು ಆಟದ ಸಾಮಾನು ಅನ್ನಿಸುತ್ತದೆ.

ಸ್ಟೇನ್‌ಲೆಸ್ ಅಂತ ನಂಬಿ ತಗೊಂಡ ವಾಚಿನ ಹಿಂದಿನ ಮುಚ್ಚಳದ ಸುತ್ತ ಸಣ್ಣ ಸಣ್ಣ ಗುಂಡಿ ಬಿದ್ದು ಕಂದು ಬಣ್ಣ ಬಂದಿದೆ. ದಿನಾ ಕಟ್ಟುತ್ತೇನೆ, ಮನೆ ಸಮುದ್ರದ ಹತ್ತಿರ. ನಕಲಿ ಮಾಲಾ? – ಓದುಗರು, ಮಂಗಳೂರು

ನಕಲಿ ಅಂತ ಹೇಳಲಾಗದು, ಅಸಲಿಗೂ ಇದು ಆಗುತ್ತದೆ. ಸ್ಟೀಲಿನ ಮೇಲೆ ಕ್ರೋಮಿಯಂ ಮತ್ತು ಆಮ್ಲಜನಕ ಸೇರಿ ಆದ ಒಂದು ಪದರ ಇರುತ್ತದೆ. ಮಿಲಿಮೀಟರಿನ ಲಕ್ಷದಲ್ಲಿ ಕೆಲವು ಭಾಗದಷ್ಟೂ ದಪ್ಪ ಇರದ ಪದರ. ಗೀರು ಬಿದ್ದರೂ ಗಾಳಿ ತಾಗಿದ ಕೂಡಲೇ ಅದು ತಾನಾಗಿಯೇ ಕೂಡಿಕೊಳ್ಳುತ್ತದೆ. ಆದರೆ ಮುಚ್ಚಳದ ಸಂದಿಯಲ್ಲಿ, ರಬ್ಬರ್ ರಿಂಗಿನ ಕೆಳಗೆ, ಚೈನಿನ ಪಿನ್ನಿನ ತೂತಿನಲ್ಲಿ ಗಾಳಿ ಆಡಲ್ಲ. ಅಲ್ಲಿ ಬೆವರು ಕೂತು ಒಣಗಿ ಉಪ್ಪು ದಟ್ಟವಾಗುತ್ತದೆ. ಆ ಉಪ್ಪು ಪದರವನ್ನು ತಿನ್ನುತ್ತದೆ, ಪದರ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕ ಸಾಲದು. ನಿಮ್ಮ ಗುಂಡಿಗಳು ಹೀಗೆ ಬಂದವು. 904ಎಲ್ ನಿಜವಾಗಿ ಉಪಯೋಗಕ್ಕೆ ಬರೋದು ಇಂಥ ಕಡೆ. ಬೆಂಗಳೂರಿನವರಿಗೆ ಬೇಡ ಅಂದೆ, ಕರಾವಳಿಯವರಿಗೆ ಅಷ್ಟು ಗಟ್ಟಿಯಾಗಿ ಹೇಳಲಾರೆ.

ಈಗಿನ ಗುಂಡಿ ಹೋಗಲ್ಲ. ಮುಂದಕ್ಕೆ ಬೀಳದಂತೆ ವಾಚಿನ ನೀರಿನ ತಡೆ ಸರಿಯಿದ್ದರೆ ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಒಂದು ಹನಿ ಸೋಪು ಹಾಕಿ, ಮೆತ್ತನೆಯ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಸಂದಿಗಳನ್ನು ಉಜ್ಜಿ, ಒರೆಸಿ ಒಣಗಿಸಿ. ಪಕ್ಕದಲ್ಲಿರುವ ಕೀಲಿಯ ತಿರುಗಣೆ ಪೂರ್ತಿ ಒಳಕ್ಕೆ ಒತ್ತಿದೆಯಾ ನೋಡಿಕೊಂಡೇ ನೀರಿಗೆ ಹಿಡಿಯಿರಿ. ರಬ್ಬರ್ ರಿಂಗ್ ಹಳೆಯದಾಗಿದ್ದರೆ ರಿಪೇರಿಯವರ ಹತ್ತಿರ ಬದಲಿಸಿ, ಗುಂಡಿ ಬಿದ್ದ ಜಾಗದಲ್ಲಿ ನೀರು ಒಳಗೆ ಹೋಗುವ ಭಯ ಇರುತ್ತದೆ.

ಅಯಸ್ಕಾಂತ ಅಂಟಿದರೆ ನಕಲಿ ಸ್ಟೀಲ್ ಅಂತಾರೆ. ವಾಚಿಗೆ ಹಾಗೆ ಪರೀಕ್ಷೆ ಮಾಡಬಹುದಾ? – ಓದುಗರು, ಶಿವಮೊಗ್ಗ

ದಯವಿಟ್ಟು ಬೇಡ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಅಯಸ್ಕಾಂತ ತಾಗಿದರೆ ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಬಹುದು. ಇನ್ನು ಪರೀಕ್ಷೆಯೂ ಸುಮ್ನೆ. ಅಗ್ಗದ ಪಾತ್ರೆಗೆ ಬಳಸುವ 200 ಸರಣಿಯ ಸ್ಟೀಲೂ ಹೆಚ್ಚುಕಮ್ಮಿ ಅಂಟುವುದಿಲ್ಲ.

ಸ್ಟೀಲ್ ವಾಚ್ ಕಟ್ಟಿದರೆ ನನ್ನ ಮಗಳ ಮಣಿಕಟ್ಟು ಕೆಂಪಾಗಿ ತುರಿಸುತ್ತದೆ. ದುಬಾರಿ ಸ್ಟೀಲ್ ಕೊಡಿಸಿದರೆ ಸರಿಹೋಗುತ್ತಾ? – ಓದುಗರು, ದಾವಣಗೆರೆ

ನಿಕಲ್ ಅಲರ್ಜಿ ಇರಬಹುದು, ಚರ್ಮದ ಡಾಕ್ಟರು ಪ್ಯಾಚ್ ಪರೀಕ್ಷೆ ಮಾಡಿ ಖಚಿತವಾಗಿ ಹೇಳುತ್ತಾರೆ. ದುಬಾರಿಯಾದರೆ ನಿಕಲ್ ಕಡಿಮೆ ಅಂತ ತಿಳಿಯಬೇಡಿ, ಮೇಲೆ ಹೇಳಿದ 904ಎಲ್‌ನಲ್ಲಿ ಕಾಲು ಭಾಗ ನಿಕಲ್ಲೇ. ಆದರೆ ಒಳ್ಳೆಯ ಸ್ಟೀಲ್ ಅದನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಚರ್ಮಕ್ಕೆ ಬಿಡೋದು ತೀರಾ ಕಡಿಮೆ, ಹಾಗಾಗಿ ಅಲರ್ಜಿ ಇರುವ ಎಷ್ಟೋ ಜನಕ್ಕೆ ಏನೂ ಆಗಲ್ಲ. ತೊಂದರೆ ಜಾಸ್ತಿ ಬರೋದು ನಿಕಲ್ ಲೇಪನದ ಅಗ್ಗದ ವಾಚುಗಳಿಂದ. ಮಗಳಿಗೆ ಟೈಟಾನಿಯಂ ನೋಡಿ, ಹಗುರವೂ ಹೌದು. ಸುಮ್ನೆ ಬೆವರಿನ ಕೊಳೆ ಕೂತು ತುರಿಸುತ್ತಿದ್ದರೂ ಇರಬಹುದು. ಮೊದಲು ಚೈನು ತೊಳೆದು, ಒಂದು ಕೊಂಡಿ ಸಡಿಲ ಮಾಡಿಸಿ ನೋಡಿ, ಅದಕ್ಕೆ ಖರ್ಚಿಲ್ಲ.

ಅಜ್ಜನ ಎಚ್‌ಎಂಟಿ ವಾಚಿನ ಸ್ಟೀಲ್ ಅಲ್ಲಲ್ಲಿ ಹಳದಿಯಾಗಿದೆ. ಪಾಲಿಶ್ ಮಾಡಿಸಿದರೆ ಮೊದಲಿನಂತೆ ಆಗುತ್ತಾ? – ಓದುಗರು, ತುಮಕೂರು

ಮಾಡಿಸಬೇಡಿ. ಅದು ಸ್ಟೀಲ್ ಆಗಿರಲಿಕ್ಕಿಲ್ಲ. ಆ ಕಾಲದ ಎಷ್ಟೋ ವಾಚುಗಳ ಕೇಸು ಹಿತ್ತಾಳೆಯದು, ಮೇಲೆ ಕ್ರೋಮ್ ಲೇಪನ. ಹಿಂದಿನ ಮುಚ್ಚಳ ಮಾತ್ರ ಸ್ಟೀಲು. ಮುಚ್ಚಳದ ಮೇಲೆ 'ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್' ಅಂತ ಇದ್ದರೆ ಆ ಮಾತು ಮುಚ್ಚಳಕ್ಕೆ ಮಾತ್ರ. ನಿಮಗೆ ಕಾಣುತ್ತಿರುವ ಹಳದಿ ಹಿತ್ತಾಳೆ, ಬಫಿಂಗ್ ಚಕ್ರಕ್ಕೆ ಕೊಟ್ಟರೆ ಉಳಿದ ಕ್ರೋಮೂ ಹೋಗಿ ಹಳದಿ ಜಾಸ್ತಿಯಾಗುತ್ತದೆ. ಮತ್ತೆ ಕ್ರೋಮ್ ಹಾಕಿಸಬಹುದು, ಆದರೆ ಎಲ್ಲರೂ ಚೆನ್ನಾಗಿ ಮಾಡಲ್ಲ. ಎಚ್‌ಎಂಟಿ 1961ರಲ್ಲಿ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಶುರು ಮಾಡಿದಾಗ ಗುರಿ ಇದ್ದದ್ದು ಸಾಮಾನ್ಯ ಜನರ ಕೈಗೆ ವಾಚು ಕಟ್ಟುವುದು, ಹಿತ್ತಾಳೆ ಕೇಸು ಆ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ನಿಮ್ಮೂರಿನ ಕಾರ್ಖಾನೆಯಲ್ಲೇ ತಯಾರಾದದ್ದೂ ಇರಬಹುದು. ಒಳಗಿನ ಯಂತ್ರ ಸರ್ವಿಸ್ ಮಾಡಿಸಿ, ಹೊಸ ಬೆಲ್ಟು ಹಾಕಿ ಕಟ್ಟಿಕೊಳ್ಳಿ.

ನನ್ನದು ಅಸಲಿ ಸ್ಟೀಲೇ, ಗೀರು ಬಿದ್ದಿವೆ. ಪ್ರತಿ ಸರ್ವಿಸ್‌ನಲ್ಲೂ ಪಾಲಿಶ್ ಮಾಡಿಸಬಹುದಾ? – ಓದುಗರು, ಬೆಳಗಾವಿ

ಬೇಡ. ಪಾಲಿಶ್ ಅಂದರೆ ಸ್ಟೀಲನ್ನು ಸವೆಸುವುದು. ಮೇಲೆ ಹೇಳಿದ ಆ ಚೂಪು ಅಂಚೇ ಮೊದಲು ಹೋಗುತ್ತದೆ, ಬ್ರಶ್ ಇದ್ದ ಜಾಗದಲ್ಲೂ ಕನ್ನಡಿ ಮಾಡಿ ಕೊಡುವ ಪುಣ್ಯಾತ್ಮರಿದ್ದಾರೆ. ಹಳೆ ವಾಚು ಸಂಗ್ರಹಿಸುವವರು ಗೀರಿದ್ದರೂ ಪಾಲಿಶ್ ಆಗದ ಕೇಸಿಗೇ ಜಾಸ್ತಿ ದುಡ್ಡು ಕೊಡುತ್ತಾರೆ. ಸರ್ವಿಸ್‌ಗೆ ಕೊಡುವಾಗ ಬಿಲ್ಲಿನ ಮೇಲೆ 'ಪಾಲಿಶ್ ಬೇಡ' ಅಂತ ಬರೆಸಿ, ಬಾಯಲ್ಲಿ ಹೇಳಿದರೆ ಸಾಲದು.