ಪೆಟ್ರೋಲ್ ಹಾಕಿಸುವಾಗ ಕಟ್ಟುವ ರಸ್ತೆ ಸೆಸ್ ನಮ್ಮ ಮಡಿಕೇರಿ ರಸ್ತೆಗೆ ಬರುತ್ತಾ?

ನೇರವಾಗಿ ಬರೋದಿಲ್ಲ.

ಸೆಸ್ ಅಂದ್ರೆ ಒಂದು ನಿರ್ದಿಷ್ಟ ಕೆಲಸಕ್ಕೆಂದೇ ಕೇಂದ್ರ ಹಾಕುವ ಹೆಚ್ಚುವರಿ ತೆರಿಗೆ. ರಸ್ತೆಗೆಂದು 1998ರಲ್ಲಿ ಪೆಟ್ರೋಲ್ ಮೇಲೆ ಲೀಟರಿಗೆ 1 ರೂಪಾಯಿ, ಮುಂದಿನ ವರ್ಷ ಡೀಸೆಲ್ ಮೇಲೂ ಅಷ್ಟೇ ಹಾಕಿದರು. 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆ ಇದಕ್ಕೊಂದು ಕಾನೂನಿನ ಗಟ್ಟಿತನ ಕೊಟ್ಟಿತು. ಕುಶಾಲನಗರ, ಮಡಿಕೇರಿ, ಸಂಪಾಜೆ ಮೇಲೆ ಹೋಗುವ 275ರಂಥ ರಾಷ್ಟ್ರೀಯ ಹೆದ್ದಾರಿ, ರಾಜ್ಯದ ರಸ್ತೆ, ಹಳ್ಳಿ ರಸ್ತೆ, ರೈಲ್ವೆ ಮೇಲ್ಸೇತುವೆ, ಎಲ್ಲಕ್ಕೂ ಆ ನಿಧಿಯಿಂದಲೇ ಪಾಲು. ಆದರೆ ಹಣ ಮೊದಲು ಕೇಂದ್ರದ ಖಜಾನೆಗೆ ಹೋಗಬೇಕು, ಸಂಸತ್ತು ಒಪ್ಪಿದ ಮೇಲೆ ನಿಧಿಗೆ ಬರಬೇಕು. ಹಾಗಾಗಿ ಕೊಡಗಿನ ಬಂಕಿನಲ್ಲಿ ಕಟ್ಟಿದ್ದು ಕೊಡಗಿಗೇ ಅಂತ ಲೆಕ್ಕ ಇಲ್ಲ.

2018ರ ಬಜೆಟ್ಟಿನದು ಮಾತ್ರ ಒಳ್ಳೆ ಚಾಲಾಕಿತನ. ಅಷ್ಟರಲ್ಲಿ ಲೀಟರಿಗೆ 6 ರೂಪಾಯಿ ಆಗಿದ್ದ ಹಳೆ ರಸ್ತೆ ಸುಂಕ ತೆಗೆದರು, ಮೂಲ ಅಬಕಾರಿ ಸುಂಕದಲ್ಲಿ (ಇಂಧನ ತಯಾರಿಕೆ ಮೇಲಿನ ಕೇಂದ್ರದ ತೆರಿಗೆ) 2 ರೂಪಾಯಿ ಇಳಿಸಿದರು, 8 ರೂಪಾಯಿಯ ಹೊಸ ಸೆಸ್ ತಂದರು. ಬಂಕಿನಲ್ಲಿ ನಮಗೆ ಏನೂ ವ್ಯತ್ಯಾಸ ಇಲ್ಲ, ಅಲ್ವಾ? ಆದರೆ ಮೂಲ ಸುಂಕದಲ್ಲಿ ರಾಜ್ಯಗಳಿಗೆ ಪಾಲು ಇದೆ, ಸೆಸ್‌ನಲ್ಲಿ ಇಲ್ಲ. ಅದೇ ವರ್ಷ ನಿಧಿಯ ಹೆಸರಿಗೆ 'ಮೂಲಸೌಕರ್ಯ' ಸೇರಿತು, ಈಗ ರಸ್ತೆ ಬಿಟ್ಟು ಬೇರೆ ಕೆಲಸಕ್ಕೂ ಬಳಸಬಹುದು.

ಟೋಲ್ ಬೇರೆಯೇ. ಸೆಸ್ ಕಟ್ಟಿದ್ದೀನಿ ಅಂತ ಅಲ್ಲಿ ಸುಮ್ನೆ ಬಿಡೋದಿಲ್ಲ.